ಸ್ಪ್ಲಿಟ್ ಹೀಟ್ ಪಂಪ್ ಕೈಕೊಟ್ಟಾಗ: ಗೇಜ್ ಹಾಕುವ ಮೊದಲು ನೀರನ್ನು ನೋಡಿ

ಏರ್-ಟು-ವಾಟರ್ ಹೀಟ್ ಪಂಪ್ (ಹೊರಗಿನ ಗಾಳಿಯ ಬಿಸಿ ಎಳೆದು ಮನೆಯ ನೀರು ಬಿಸಿ ಮಾಡುವ ಯಂತ್ರ) ನಿಂತುಹೋದಾಗ ಸ್ಕ್ರೀನ್ ಮೇಲೆ ಒಂದು ಎರರ್ ಕೋಡ್ ಬರುತ್ತದೆ. ಅದನ್ನು ನೋಡಿದ ತಕ್ಷಣ ಗ್ಯಾಸ್ ಒತ್ತಡ ಅಳೆಯುವ ಗೇಜ್ ಎತ್ತಿಕೊಂಡು ಔಟ್‌ಡೋರ್ ಯೂನಿಟ್ ಕಡೆ ಹೊರಡುವವರೇ ಜಾಸ್ತಿ. ಅರ್ಧ ದಿನ ಹಾಳಾಗುವುದು ಇಲ್ಲೇ. ಮಗು ಅತ್ತರೆ ಹಸಿವೋ ಹೊಟ್ಟೆನೋವೋ ಎಂದು ಅಳುವಿನಿಂದ ತಿಳಿಯುವುದಿಲ್ಲ. ಕೋಡ್ ಕೂಡ ಹಾಗೇ. ಯಾವ ಸೆನ್ಸರ್ ಮಿತಿ ದಾಟಿತು ಎಂದು ಮಾತ್ರ ಅದು ಹೇಳುತ್ತದೆ. ಯಾಕೆ ದಾಟಿತು ಎಂದು ಹುಡುಕುವುದು ನಮ್ಮ ಕೆಲಸ.

ಹೊಸದಾಗಿ ಕೂರಿಸಿದ ಮನೆಗಳಲ್ಲಿ ಬರುವ ದೂರುಗಳ ಬೇರು ಬಹಳ ಸಲ ನೀರಿನ ಕಡೆ ಇರುತ್ತದೆ. ಹೈ ಪ್ರೆಶರ್ ಕೋಡ್ ಬಂದರೂ ಅಷ್ಟೆ, ಡಿಫ್ರಾಸ್ಟ್ (ಹೊರಗಿನ ಕಾಯಿಲ್ ಮೇಲೆ ಕೂತ ಮಂಜು ಕರಗಿಸುವ ಕೆಲಸ) ಕೆಟ್ಟರೂ ಅಷ್ಟೆ. ಅದಕ್ಕೇ ಈ ಬರಹದಲ್ಲಿ ನೀರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಗ್ಯಾಸ್, ಅಂದರೆ ಬಿಸಿ ಹೊತ್ತು ತಿರುಗುವ ರೆಫ್ರಿಜರೆಂಟ್, ಆಮೇಲೆ.

ಯಾವುದು ಎಲ್ಲಿದೆ

ಸ್ಪ್ಲಿಟ್ ಮಾದರಿಯಲ್ಲಿ ಕಂಪ್ರೆಸರ್, ಫ್ಯಾನ್, ಗಾಳಿಯಿಂದ ಬಿಸಿ ಎಳೆಯುವ ಕಾಯಿಲ್, ಗ್ಯಾಸಿನ ಒತ್ತಡ ಇಳಿಸಿ ತಣ್ಣಗೆ ಮಾಡುವ ಎಕ್ಸ್‌ಪಾನ್ಷನ್ ವಾಲ್ವ್ ಹೊರಗಿನ ಪೆಟ್ಟಿಗೆಯಲ್ಲಿರುತ್ತವೆ. ಒಳಗಿನ ಪೆಟ್ಟಿಗೆಯಲ್ಲಿ ಗ್ಯಾಸಿನ ಬಿಸಿಯನ್ನು ನೀರಿಗೆ ದಾಟಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್, ನೀರಿನ ಪಂಪ್, ಬಿಸಿಗೆ ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕ್, ಹರಿವು ಅಳೆಯುವ ಫ್ಲೋ ಸೆನ್ಸರ್, ಕರೆಂಟಿನಿಂದ ನೇರ ನೀರು ಕಾಯಿಸುವ ಬ್ಯಾಕಪ್ ಹೀಟರ್ ಇರುತ್ತವೆ. ಎರಡರ ಮಧ್ಯೆ ಎರಡು ತಾಮ್ರದ ಪೈಪು: ತೆಳ್ಳಗಿನದು ಲಿಕ್ವಿಡ್ ಲೈನ್, ದಪ್ಪನೆಯದು ಗ್ಯಾಸ್ ಲೈನ್. ಹೊರಗೆ ಹೋಗುವುದು ಗ್ಯಾಸ್ ಮಾತ್ರ, ನೀರು ಮನೆಯೊಳಗೇ ಸುತ್ತುತ್ತದೆ. ಗ್ಯಾಸ್ ಭಾಗವೆಲ್ಲ ಹೊರಗಿನ ಒಂದೇ ಪೆಟ್ಟಿಗೆಯಲ್ಲಿರುವ ಮೊನೊಬ್ಲಾಕ್‌ನಲ್ಲಿ ಇರುವ ಹಾಗೆ ಹೊರಗಿನ ನೀರಿನ ಪೈಪು ಹೆಪ್ಪುಗಟ್ಟುವ ಭಯ ಇದರಲ್ಲಿ ಇಲ್ಲ. ಆದರೆ ಫ್ಲೇರ್ ಜಾಯಿಂಟ್ (ತಾಮ್ರದ ಪೈಪಿನ ಬಾಯಿ ಅಗಲಿಸಿ ನಟ್‌ನಿಂದ ಬಿಗಿಯುವ ಜೋಡಣೆ), ವ್ಯಾಕ್ಯೂಮ್ (ಪೈಪಿನೊಳಗಿನ ಗಾಳಿ, ತೇವ ಎಳೆದು ತೆಗೆಯುವುದು), ಗ್ಯಾಸ್ ಚಾರ್ಜ್ ಎಲ್ಲ ಮನೆ ಹತ್ತಿರವೇ ಆಗುವುದರಿಂದ ಕೂರಿಸಿದವರ ಕೈಗುಣದ ಮೇಲೆ ಬಹಳ ನಿಂತಿದೆ.

ಮುಚ್ಚಳ ತೆಗೆಯುವ ಮೊದಲು ಒಂದು ಮಾತು. ಮೇನ್ ಆಫ್ ಮಾಡಿದ ಮೇಲೂ ಇನ್ವರ್ಟರ್ ಬೋರ್ಡಿನ (ಕಂಪ್ರೆಸರ್ ವೇಗ ಬದಲಿಸುವ ಸರ್ಕ್ಯೂಟ್) ಕೆಪ್ಯಾಸಿಟರ್‌ಗಳಲ್ಲಿ 300 ವೋಲ್ಟಿಗಿಂತ ಜಾಸ್ತಿ ಡಿಸಿ ಉಳಿದಿರುತ್ತದೆ. ಯೂನಿಟ್ ಮೇಲಿನ ಲೇಬಲ್ ಹೇಳುವಷ್ಟು ಹೊತ್ತು ಕಾಯಿರಿ, ಸಾಮಾನ್ಯವಾಗಿ 10 ನಿಮಿಷ. ಆಮೇಲೂ ಮೀಟರ್ ಇಟ್ಟು ನೋಡದೆ ಕೈ ಹಾಕಬೇಡಿ. ಆರ್-32 ಎಂಬ ರೆಫ್ರಿಜರೆಂಟ್ ಗ್ಯಾಸಿಗೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗುಣ ಇದೆ, ಗಾಳಿಗಿಂತ ಭಾರ ಬೇರೆ. ನೆಲಮಟ್ಟದಲ್ಲಿ, ಮುಚ್ಚಿದ ಸಣ್ಣ ಕೋಣೆಯಲ್ಲಿ ಸೋರಿದರೆ ಅಲ್ಲೇ ಕೂರುತ್ತದೆ. ಕಿಟಕಿ ಬಾಗಿಲು ತೆರೆದು ಕೆಲಸ ಮಾಡಿ. ಬಹಳ ದೇಶಗಳಲ್ಲಿ ಸರ್ಟಿಫಿಕೇಟ್ ಇಲ್ಲದವರು ಗ್ಯಾಸ್ ಸರ್ಕ್ಯೂಟ್ ತೆರೆಯುವ ಹಾಗಿಲ್ಲ. ಈ ಬರಹ ಓದುತ್ತಿರುವ ಮನೆಯವರು ನೀರಿನ ಕಡೆಯ ತಪಾಸಣೆವರೆಗೆ ಬನ್ನಿ, ಮುಂದಿನದನ್ನು ಟೆಕ್ನಿಷಿಯನ್‌ಗೆ ಬಿಡಿ.

ಮೊದಲು ಗಡಿಯಾರ ನೋಡಿ

ಕಂಟ್ರೋಲರ್‌ನಲ್ಲಿ ಹಳೆಯ ಎರರ್‌ಗಳ ಪಟ್ಟಿ ಇರುತ್ತದೆ. ಅದನ್ನು ಅಳಿಸಬೇಡಿ. ಫೋಟೋ ತೆಗೆದಿಟ್ಟುಕೊಳ್ಳಿ. ಕೋಡ್‌ಗಿಂತ ಅದು ಬಂದ ಹೊತ್ತು ಹೆಚ್ಚು ಹೇಳುತ್ತದೆ.

ನೀರಿನ ಹರಿವು ಸಾಲದು ಎಂಬ ಫ್ಲೋ ಎರರ್ ಮಧ್ಯಾಹ್ನದ ಹೊತ್ತಿಗೇ ಬರುತ್ತಿದೆಯಾ? ಬಿಸಿಲಿಗೆ ಕೋಣೆಗಳು ಬೆಚ್ಚಗಾಗಿ ರೇಡಿಯೇಟರ್ (ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಫಲಕ) ವಾಲ್ವ್‌ಗಳು ಒಂದೊಂದಾಗಿ ಮುಚ್ಚಿಕೊಂಡಿರಬಹುದು. ನೀರು ಸುತ್ತಲು ದಾರಿಯೇ ಇಲ್ಲ. ಬೆಳಗಿನ ಜಾವ, ಚಳಿ ಹೆಚ್ಚಿರುವಾಗ ಬರುತ್ತಿದ್ದರೆ ಡಿಫ್ರಾಸ್ಟ್ ಕಡೆ ಅನುಮಾನ ಇಡಿ. ಬಳಸುವ ಬಿಸಿನೀರಿನ ಟ್ಯಾಂಕ್ ಬಿಸಿ ಮಾಡುವ ಹೊತ್ತಿಗೆ ಬಂದರೆ ತ್ರೀ-ವೇ ವಾಲ್ವ್ (ನೀರನ್ನು ರೇಡಿಯೇಟರ್ ಕಡೆಗೋ ಟ್ಯಾಂಕ್ ಕಡೆಗೋ ತಿರುಗಿಸುವುದು) ಅಥವಾ ಟ್ಯಾಂಕಿನ ಕಾಯಿಲ್. ಹೊತ್ತುಗೊತ್ತಿಲ್ಲದೆ, ಮಳೆ ಬಂದ ಮೇಲೆ ಬರುತ್ತಿದ್ದರೆ ವೈರಿಂಗಿನಲ್ಲಿ ಎಲ್ಲೋ ನೀರು ಇಳಿದಿದೆ.

ಮನೆಯವರನ್ನು ಕೇಳಿ. ದೂರು ಶುರುವಾಗುವ ಮುಂಚೆ ಯಾರಾದರೂ ಏನಾದರೂ ಮುಟ್ಟಿದರಾ? ರೇಡಿಯೇಟರ್ ಬದಲಾಯಿಸಿದರಾ, ಬಾತ್‌ರೂಮಿಗೆ ಹೊಸ ಲೂಪ್ (ನೆಲದಡಿ ಬಿಸಿನೀರು ಸುತ್ತುವ ಪೈಪಿನ ಸುರುಳಿ) ಹಾಕಿದರಾ, ನೀರು ಖಾಲಿ ಮಾಡಿ ತುಂಬಿಸಿದರಾ? ಇದನ್ನು ಕೇಳದೆ ಬೋರ್ಡ್ ಬದಲಾಯಿಸಿದವರಿದ್ದಾರೆ.

ನೀರು ಎಷ್ಟು ಹರಿಯುತ್ತಿದೆ

ಈಗಿನ ಬಹುತೇಕ ಯೂನಿಟ್‌ಗಳು ಸರ್ವಿಸ್ ಮೆನುವಿನಲ್ಲಿ ಒಂದು ನಿಮಿಷಕ್ಕೆ ಎಷ್ಟು ಲೀಟರ್ ಎಂದು ತೋರಿಸುತ್ತವೆ. ಹೊರಡುವ ನೀರಿನ ಮತ್ತು ಮರಳುವ ನೀರಿನ ಉಷ್ಣತೆಯೂ ಅಲ್ಲೇ ಇರುತ್ತದೆ. ಈ ಮೂರು ಅಂಕಿ ಸಿಕ್ಕರೆ ದಾರಿ ಅರ್ಧ ಸವೆದ ಹಾಗೆ.

ಲೆಕ್ಕ ಸುಲಭ. ನಿಮಿಷಕ್ಕೆ ಲೀಟರ್ ಎಷ್ಟೋ ಅದನ್ನು ಉಷ್ಣತೆಯ ವ್ಯತ್ಯಾಸದಿಂದ ಗುಣಿಸಿ, 0.07ರಿಂದ ಮತ್ತೆ ಗುಣಿಸಿ. ಬಂದದ್ದು ಕಿಲೋವ್ಯಾಟ್. 20 ಲೀಟರ್ ಹರಿದು, 35 ಡಿಗ್ರಿಯಲ್ಲಿ ಹೊರಟ ನೀರು 30ಕ್ಕೆ ಮರಳಿದರೆ 20 × 5 × 0.07, ಅಂದರೆ 7 ಕಿಲೋವ್ಯಾಟ್ ಬಿಸಿ ಮನೆಗೆ ಸೇರುತ್ತಿದೆ. 8 ಕಿಲೋವ್ಯಾಟಿನ ಯಂತ್ರ 5 ಡಿಗ್ರಿ ವ್ಯತ್ಯಾಸದಲ್ಲಿ ಪೂರ್ತಿ ಕೆಲಸ ಮಾಡಬೇಕಾದರೆ ನಿಮಿಷಕ್ಕೆ ಸುಮಾರು 23 ಲೀಟರ್ ಬೇಕು. ಹಳೆಯ ಗ್ಯಾಸ್ ಬಾಯ್ಲರ್ 20 ಡಿಗ್ರಿ ವ್ಯತ್ಯಾಸದಲ್ಲೂ ನಡೆಯುತ್ತಿತ್ತು, ಅದಕ್ಕೆ ಇದರ ಕಾಲು ಭಾಗ ನೀರು ಸಾಕಿತ್ತು. ಬಾಯ್ಲರ್ ತೆಗೆದು ಅದೇ ಸಣ್ಣ ಪೈಪುಗಳಿಗೆ ಹೀಟ್ ಪಂಪ್ ಜೋಡಿಸಿದ ಮನೆಗಳಲ್ಲಿ ಫ್ಲೋ ಎರರ್ ಯಾಕೆ ಬರುತ್ತದೆ ಎಂದು ಈಗ ಗೊತ್ತಾಯಿತಲ್ವಾ?

ಅಂಕಿ ಬರೆದುಕೊಳ್ಳುವ ಮೊದಲು ಬ್ಯಾಕಪ್ ಹೀಟರ್ ಆಫ್ ಮಾಡಿ. ಕೆಲವು ಯೂನಿಟ್‌ಗಳಲ್ಲಿ ಹೊರಡುವ ನೀರಿನ ಸೆನ್ಸರ್ ಹೀಟರ್ ದಾಟಿದ ಮೇಲೆ ಕೂತಿರುತ್ತದೆ. ಹೀಟರ್ ಕೊಟ್ಟ ಬಿಸಿಯನ್ನು ಕಂಪ್ರೆಸರ್ ಲೆಕ್ಕಕ್ಕೆ ಸೇರಿಸಿಕೊಂಡು ನಾವು ಮೋಸಹೋಗುತ್ತೇವೆ.

ವ್ಯತ್ಯಾಸ 8, 10 ಡಿಗ್ರಿ ಆಗಿ ಹರಿವು ಕಡಿಮೆ ಇದ್ದರೆ ನೀರಿಗೆ ಎಲ್ಲೋ ತಡೆ ಇದೆ. ಹರಿವು ಸರಿಯಿದ್ದು ವ್ಯತ್ಯಾಸ 1, 2 ಡಿಗ್ರಿ ಮಾತ್ರ ಇದ್ದರೆ ಬಿಸಿಯೇ ತಯಾರಾಗುತ್ತಿಲ್ಲ. ಆದರೆ ಇಲ್ಲಿ ಎಡವಬೇಡಿ. ಕಂಪ್ರೆಸರ್ ಇನ್ವರ್ಟರ್ ಮೇಲೆ ನಡೆಯುತ್ತದೆ. ಮನೆಗೆ ಬೇಡಿಕೆ ಕಡಿಮೆ ಇದ್ದಾಗ ಅದು ನಿಧಾನವಾಗಿ ಓಡುತ್ತದೆ, ವ್ಯತ್ಯಾಸವೂ ಸಣ್ಣದಾಗುತ್ತದೆ. ಅದು ಸರಿಯಾದ ನಡವಳಿಕೆ. ಕಂಪ್ರೆಸರ್ ಎಷ್ಟು ಹರ್ಟ್ಜ್‌ನಲ್ಲಿದೆ, ಅಂದರೆ ಎಷ್ಟು ವೇಗದಲ್ಲಿದೆ, ಎಂದು ನೋಡಿ ಆಮೇಲೆ ತೀರ್ಮಾನಿಸಿ. ಪೂರ್ತಿ ವೇಗದಲ್ಲಿ ಓಡುತ್ತಾ 2 ಡಿಗ್ರಿ ಕೊಟ್ಟರೆ ಮಾತ್ರ ಗ್ಯಾಸ್ ಕಡೆ ಹೋಗಲು ಕಾರಣ ಇದೆ.

ತಡೆ ಹುಡುಕುವುದನ್ನು ಕಸ ಹಿಡಿಯುವ ಜಾಲರಿಯ ಸ್ಟ್ರೈನರ್‌ನಿಂದ ಶುರು ಮಾಡಿ. ಮರಳುವ ನೀರು ಇಂಡೋರ್ ಯೂನಿಟ್ ಒಳಗೆ ಹೋಗುವ ಮುಂಚೆ ಇದು ಇರುತ್ತದೆ, ಇರಬೇಕು. ಎರಡೂ ಕಡೆಯ ವಾಲ್ವ್ ಮುಚ್ಚಿ, ಕೆಳಗೆ ಪಾತ್ರೆ ಇಟ್ಟು, ಕ್ಯಾಪ್ ತಿರುಗಿಸಿ ಜಾಲರಿ ಹೊರಗೆ ತೆಗೆಯಿರಿ. ಜಾಲರಿಯನ್ನು ಬಿಳಿ ಬಟ್ಟೆ ಮೇಲೆ ಕೊಡವಿ ನೋಡಿ. ಹೊಳೆಯುವ ತಾಮ್ರದ ಪುಡಿ, ಟೆಫ್ಲಾನ್ ಟೇಪಿನ ಎಳೆ, ಪ್ಲಾಸ್ಟಿಕ್ ಪೈಪಿನ ಸಿಪ್ಪೆ ಬಿದ್ದರೆ ಪೈಪಿಂಗ್ ಆದ ಮೇಲೆ ಫ್ಲಶ್ ಮಾಡಿಲ್ಲ ಎಂದರ್ಥ. ಕಾಡಿಗೆಯಂಥ ಕಪ್ಪು ಕೆಸರು ಬಂದು, ಅದಕ್ಕೆ ಆಯಸ್ಕಾಂತ ಹಿಡಿದರೆ ಅಂಟಿಕೊಂಡರೆ ಅದು ಹಳೆಯ ಕಬ್ಬಿಣದ ರೇಡಿಯೇಟರ್‌ಗಳ ತುಕ್ಕು. ಜಾಲರಿ ತೊಳೆದು ಹಾಕಿದರೆ ಎರಡು ವಾರಕ್ಕೆ ಮತ್ತೆ ಕಟ್ಟುತ್ತದೆ. ಇಡೀ ವ್ಯವಸ್ಥೆ ಫ್ಲಶ್ ಮಾಡಿ, ಮ್ಯಾಗ್ನೆಟಿಕ್ ಫಿಲ್ಟರ್ ಹಾಕಬೇಕು. ಮತ್ತೆ ಜೋಡಿಸುವಾಗ ಸ್ಟ್ರೈನರ್ ಮೈಮೇಲಿನ ಬಾಣ ನೀರು ಹರಿಯುವ ಕಡೆಗೇ ಇದೆಯಾ ಎಂದೂ ನೋಡಿ.

ತುಕ್ಕು ಪದೇಪದೇ ಬರುತ್ತಿದ್ದರೆ ನೆಲದೊಳಗಿನ ಪ್ಲಾಸ್ಟಿಕ್ ಪೈಪನ್ನೂ ಅನುಮಾನಿಸಬೇಕು. ಆಕ್ಸಿಜನ್ ತಡೆಯುವ ಪದರ ಇಲ್ಲದ ಪೈಪು ಗಾಳಿಯ ಆಕ್ಸಿಜನ್ನನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕಬ್ಬಿಣ ಇರುವ ಕಡೆಯೆಲ್ಲ ತುಕ್ಕು ತಪ್ಪಿದ್ದಲ್ಲ.

ಮುಂದಿನದು ಗಾಳಿ. ಪೈಪಿನಲ್ಲಿ ಗುಳುಗುಳು ಸದ್ದು, ಫ್ಲೋ ಅಂಕಿ 12, 18, 9, 15 ಎಂದು ಕುಣಿಯುವುದು, ಮೇಲಿನ ಮಹಡಿಯ ರೇಡಿಯೇಟರ್ ತಲೆಭಾಗ ತಣ್ಣಗಿರುವುದು, ಇವೆಲ್ಲ ಗಾಳಿ ಇರುವ ಗುರುತು. ಯೂನಿಟ್‌ನ ಏರ್ ಪರ್ಜ್ ಪ್ರೋಗ್ರಾಂ ಓಡಿಸಿ. ಆಟೋ ಏರ್ ವೆಂಟ್‌ನ ಸಣ್ಣ ಕ್ಯಾಪ್ ಬಿಗಿಯಾಗಿ ಮುಚ್ಚಿದ್ದರೆ ಸಡಿಲ ಮಾಡಿ. ಇದು ಹೊಸ ಮನೆಗಳಲ್ಲಿ ನಂಬಲಾರದಷ್ಟು ಸಾಮಾನ್ಯ. ನೆಲದ ಲೂಪ್‌ಗಳಿದ್ದರೆ ಎಲ್ಲವನ್ನೂ ಒಟ್ಟಿಗೆ ತೆರೆದು ಗಾಳಿ ಹೊಡೆಯಲು ಆಗುವುದಿಲ್ಲ. ಒಂದು ಲೂಪ್ ಮಾತ್ರ ತೆರೆದಿಟ್ಟು, ಅದರಿಂದ ಗುಳ್ಳೆ ಬರುವುದು ನಿಂತ ಮೇಲೆ ಮುಚ್ಚಿ, ಮುಂದಿನದಕ್ಕೆ ಹೋಗಿ. ನೀರು ತುಂಬುವಾಗ ಅವಸರ ಮಾಡಿದರೆ ಗಾಳಿ ಅಲ್ಲಲ್ಲೇ ಸಿಕ್ಕಿಬೀಳುತ್ತದೆ.

ಆಮೇಲೆ ಪಂಪ್ ಸ್ಪೀಡ್, ಅರ್ಧ ಮುಚ್ಚಿದ ವಾಲ್ವ್. ಒಂದೊಂದು ಹಿಡಿಯನ್ನೂ ಕೈಯಿಂದ ತಿರುಗಿಸಿ ನೋಡಿ, ಕಣ್ಣಳತೆ ನಂಬಬೇಡಿ. ಕೆಲವರು ಮನೆಯೊಳಗಿನ ನೀರಿಗೂ ಸುಮ್ನೆ ಗ್ಲೈಕಾಲ್ (ನೀರು ಹೆಪ್ಪುಗಟ್ಟದಂತೆ ತಡೆಯುವ ದ್ರವ) ಸೇರಿಸಿರುತ್ತಾರೆ. ಸ್ಪ್ಲಿಟ್‌ನಲ್ಲಿ ಅದರ ಅಗತ್ಯ ಸಾಮಾನ್ಯವಾಗಿ ಇಲ್ಲ. ಗ್ಲೈಕಾಲ್ ನೀರನ್ನು ಮಂದ ಮಾಡುತ್ತದೆ, ಬಿಸಿ ಹೊರುವ ಶಕ್ತಿ ತಗ್ಗಿಸುತ್ತದೆ, ಪಂಪಿಗೆ ಭಾರ ಹೆಚ್ಚಿಸುತ್ತದೆ.

ಎಲ್ಲ ಕೋಣೆಗೂ ಥರ್ಮೋಸ್ಟಾಟ್ ವಾಲ್ವ್ ಹಾಕಿದ ಮನೆಯಲ್ಲಿ ಕನಿಷ್ಠ ಒಂದೆರಡು ಲೂಪ್ ಯಾವಾಗಲೂ ತೆರೆದೇ ಇರಬೇಕು, ಇಲ್ಲವೇ ಬೈಪಾಸ್ (ನೀರು ಸುತ್ತಲು ಅಡ್ಡದಾರಿ) ಅಥವಾ ಬಫರ್ ಟ್ಯಾಂಕ್ (ಸುತ್ತುವ ನೀರನ್ನು ಹೆಚ್ಚಿಸುವ ಟ್ಯಾಂಕ್) ಇರಬೇಕು. ತಯಾರಕರ ಕೈಪಿಡಿಯಲ್ಲಿ ಕನಿಷ್ಠ ಹರಿವು, ಕನಿಷ್ಠ ನೀರಿನ ಪ್ರಮಾಣ ಎರಡೂ ಬರೆದಿರುತ್ತಾರೆ. ಅದು ಎಲ್ಲ ವಾಲ್ವ್ ಮುಚ್ಚಿದ ಸ್ಥಿತಿಯಲ್ಲೂ ಸಿಗಬೇಕಾದ ಪ್ರಮಾಣ. ಎಲ್ಲ ತೆರೆದಿರುವಾಗ ಸಿಕ್ಕರೆ ಸಾಲದು.

ಪ್ರೆಶರ್ ಏರಿ ಇಳಿಯುತ್ತಿದ್ದರೆ

ನೀರು ತಣ್ಣಗಿರುವಾಗ 1ರಿಂದ 2 ಬಾರ್ ಇರುವುದು ಮಾಮೂಲಿ. ಬಿಸಿಯಾದಾಗ ಮುಳ್ಳು 3 ಬಾರ್ ಹತ್ತಿರ ಓಡಿ, ಸೇಫ್ಟಿ ವಾಲ್ವ್ ನೀರು ಉಗುಳಿ, ತಣ್ಣಗಾದಾಗ 0.5ಕ್ಕೆ ಇಳಿದರೆ ಎಕ್ಸ್‌ಪಾನ್ಷನ್ ಟ್ಯಾಂಕ್ ಕೆಲಸ ಬಿಟ್ಟಿದೆ. ಟ್ಯಾಂಕಿನ ಗಾಳಿ ವಾಲ್ವಿನ ಪಿನ್ನನ್ನು ಒಂದು ಕ್ಷಣ ಒತ್ತಿ. ಗಾಳಿ ಬದಲು ನೀರು ಚಿಮ್ಮಿದರೆ ಒಳಗಿನ ರಬ್ಬರ್ ಹರಿದಿದೆ, ಟ್ಯಾಂಕ್ ಬದಲಾಯಿಸಬೇಕು. ಗಾಳಿ ಬಂದರೆ ಒತ್ತಡ ಅಳೆಯಿರಿ, ಆದರೆ ನೀರಿನ ಕಡೆಯ ಒತ್ತಡ ಸೊನ್ನೆಗೆ ಇಳಿಸಿದ ಮೇಲೆ ಮಾತ್ರ. ಇಲ್ಲದಿದ್ದರೆ ಗೇಜ್ ತೋರಿಸುವುದು ನೀರಿನ ಒತ್ತಡವನ್ನೇ. ತುಂಬುವ ಒತ್ತಡಕ್ಕಿಂತ ಸುಮಾರು 0.3 ಬಾರ್ ಕಡಿಮೆ ಗಾಳಿ ಇಡುವುದು ವಾಡಿಕೆ. ಎತ್ತರದ ಮನೆಯಾದರೆ ಪ್ರತಿ 10 ಮೀಟರ್ ನೀರಿನ ಎತ್ತರಕ್ಕೆ 1 ಬಾರ್ ಲೆಕ್ಕ ಹಿಡಿಯಿರಿ.

ಟ್ಯಾಂಕ್ ಸರಿಯಿದ್ದೂ ಒತ್ತಡ ಏರುತ್ತಿದೆ, ಗಾಳಿ ತೆಗೆದಷ್ಟೂ ಮತ್ತೆ ಬರುತ್ತಿದೆ, ಜೊತೆಗೆ ಗ್ಯಾಸ್ ಕಡಿಮೆ ಎಂಬ ಕೋಡ್ ಬೇರೆ. ಈ ಮೂರೂ ಒಟ್ಟಿಗೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಒಳಗೇ ಬಿರುಕು ಬಿಟ್ಟು ಗ್ಯಾಸ್ ನೀರಿಗೆ ಸೇರುತ್ತಿರಬಹುದು. ನೀವು ಹೊರಗೆ ಬಿಡುತ್ತಿರುವುದು ಗಾಳಿಯಲ್ಲದೆ ರೆಫ್ರಿಜರೆಂಟ್ ಆಗಿರಬಹುದು. ಕಿಟಕಿ ತೆರೆಯಿರಿ. ಏರ್ ವೆಂಟ್ ಬಾಯಿಗೆ ಲೀಕ್ ಡಿಟೆಕ್ಟರ್ ಹಿಡಿದರೆ ಖಚಿತವಾಗುತ್ತದೆ. ಇದನ್ನು ಬಿಟ್ಟು ಗ್ಯಾಸ್ ಮತ್ತೆ ತುಂಬಿಸಿ ಓಡಿಸಿದರೆ ಆಮೇಲೆ ನೀರು ಗ್ಯಾಸ್ ಸರ್ಕ್ಯೂಟಿಗೆ ನುಗ್ಗುತ್ತದೆ, ಕಂಪ್ರೆಸರ್ ಹೋಗುತ್ತದೆ. ಪ್ಲೇಟ್ ಒಡೆಯಲು ಮುಖ್ಯ ಕಾರಣ ಡಿಫ್ರಾಸ್ಟ್ ಹೊತ್ತಿನಲ್ಲಿ ನೀರು ನಿಂತು ಒಳಗೇ ಹೆಪ್ಪುಗಟ್ಟುವುದು. ಮತ್ತೆ ಹರಿವಿಗೇ ಬಂದು ನಿಂತೆವು. ಫ್ಲೋ ಸ್ವಿಚ್‌ಗೆ ತಂತಿ ಸುತ್ತಿ ಬೈಪಾಸ್ ಮಾಡುವವರು ಈ ಅನಾಹುತಕ್ಕೇ ದಾರಿ ಮಾಡುತ್ತಾರೆ. ದಯವಿಟ್ಟು ಪರೀಕ್ಷೆಗೂ ಹಾಗೆ ಮಾಡಬೇಡಿ.

ಡಿಫ್ರಾಸ್ಟ್: ಯಾವುದು ದೋಷ, ಯಾವುದು ಅಲ್ಲ

ಫ್ಯಾನ್ ನಿಲ್ಲುತ್ತದೆ, ಬುಸ್ ಎಂಬ ಸದ್ದು ಬರುತ್ತದೆ, ಯೂನಿಟ್‌ನಿಂದ ಹೊಗೆಯ ಹಾಗೆ ಆವಿ ಏಳುತ್ತದೆ, ಕೆಳಗೆ ನೀರು ಸುರಿಯುತ್ತದೆ. ಬೆಂಕಿ ಬಿತ್ತು ಎಂದು ಮನೆಯವರು ಫೋನ್ ಮಾಡುವುದು ಉಂಟು. ಇದು ಡಿಫ್ರಾಸ್ಟ್, ಆರೋಗ್ಯದ ಲಕ್ಷಣ. ಹೊರಗೆ 0ರಿಂದ 5 ಡಿಗ್ರಿ ಇದ್ದು ಗಾಳಿಯಲ್ಲಿ ತೇವ ಜಾಸ್ತಿ ಇರುವಾಗ ಗಂಟೆಗೊಮ್ಮೆ ಆದರೂ ಆಶ್ಚರ್ಯವಿಲ್ಲ. ಕೆಲವು ನಿಮಿಷಗಳಲ್ಲಿ ಮುಗಿಯಬೇಕು, ಮುಗಿದ ಮೇಲೆ ಕಾಯಿಲ್ ಸ್ವಚ್ಛವಾಗಿ ಕಾಣಬೇಕು.

ಕೆಳಭಾಗದಲ್ಲಿ ಮಂಜುಗಡ್ಡೆ ಉಳಿದು ದಿನದಿನಕ್ಕೆ ಬೆಳೆಯುತ್ತಿದ್ದರೆ ತೊಂದರೆ ಇದೆ. ಕರಗಿದ ನೀರು ಹೋಗುವ ತೂತು ಕಟ್ಟಿರಬಹುದು, ಯೂನಿಟ್ ನೆಲಕ್ಕೆ ಅಂಟಿದ ಹಾಗೆ ಕೂರಿಸಿರಬಹುದು, ತಳದಲ್ಲಿ ಮಂಜುಗಡ್ಡೆ ಕಟ್ಟದಂತೆ ನೋಡುವ ಬೇಸ್ ಹೀಟರ್ ಸುಟ್ಟಿರಬಹುದು. ಇದಕ್ಕಿಂತ ಮುಖ್ಯವಾದದ್ದು ಮಂಜು ಕೂತ ರೀತಿ. ಕಾಯಿಲ್ ಪೂರ್ತಿ ಒಂದೇ ಸಮನಾಗಿ ಬಿಳಿಯಾಗಿದ್ದರೆ ಗ್ಯಾಸ್ ಎಲ್ಲ ಕಡೆ ತಲುಪುತ್ತಿದೆ. ಗ್ಯಾಸ್ ಒಳಗೆ ಬರುವ ಸಣ್ಣ ಕೊಳವೆಗಳ ಹತ್ತಿರ ಮಾತ್ರ ದಪ್ಪ ಮಂಜು, ಉಳಿದ ಭಾಗ ಒಣ ಒಣ ಎಂದಿದ್ದರೆ ಗ್ಯಾಸ್ ಕಡಿಮೆ ಇದೆ. ಗೇಜ್ ಹಾಕದೆ, ಬರಿಗಣ್ಣಿಗೆ ಸಿಗುವ ಒಳ್ಳೆಯ ಸುಳಿವು ಇದು.

ಡಿಫ್ರಾಸ್ಟ್‌ಗೆ ಬೇಕಾದ ಬಿಸಿ ಬರುವುದು ಮನೆಯ ನೀರಿನಿಂದಲೇ. ನೀರು ಸ್ವಲ್ಪವೇ ಇದ್ದರೆ, ಅಥವಾ ಅದೇ ತಣ್ಣಗಿದ್ದರೆ, ಡಿಫ್ರಾಸ್ಟ್ ಅರ್ಧಕ್ಕೆ ನಿಲ್ಲುತ್ತದೆ, ಫ್ರೀಜ್ ಪ್ರೊಟೆಕ್ಷನ್ ಕೋಡ್ ಬರುತ್ತದೆ. ಹೊಸ ಮನೆಯಲ್ಲಿ ಚಳಿಗಾಲದ ನಡುವೆ, ಕಾಂಕ್ರೀಟ್ ನೆಲ ಥಂಡಿ ಹಿಡಿದಿರುವಾಗ ಮೊದಲ ಸಲ ಚಾಲೂ ಮಾಡಿದರೆ ಇದು ಆಗೇ ಆಗುತ್ತದೆ. ಬ್ಯಾಕಪ್ ಹೀಟರ್‌ನಿಂದ ಮರಳುವ ನೀರನ್ನು ಸುಮಾರು 20 ಡಿಗ್ರಿಗೆ ತಂದು ಆಮೇಲೆ ಕಂಪ್ರೆಸರ್ ಬಿಡಿ. ಯಂತ್ರದಲ್ಲಿ ಯಾವ ದೋಷವೂ ಇರುವುದಿಲ್ಲ.

ಯೂನಿಟ್ ಸುತ್ತ ಜಾಗ ನೋಡಿ. ಗೋಡೆ ಮೂಲೆಯಲ್ಲಿ, ಅಲಂಕಾರದ ಪೆಟ್ಟಿಗೆಯೊಳಗೆ ಇಟ್ಟಿದ್ದರೆ ಬಿಟ್ಟ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಕಾಯಿಲ್ ಹಿಂದೆ ಒಂದು ಥರ್ಮಾಮೀಟರ್ ಇಟ್ಟು, ದೂರದ ಗಾಳಿಯ ಉಷ್ಣತೆಗೆ ಹೋಲಿಸಿ. ಕಾಯಿಲ್ ಹಿಂದೆ 3, 4 ಡಿಗ್ರಿ ಕಡಿಮೆ ಇದ್ದರೆ ಜಾಗ ಬದಲಾಯಿಸುವ ಮಾತು ಆಡಬೇಕಾಗುತ್ತದೆ. ಅದು ಮನೆಯವರಿಗೆ ಇಷ್ಟವಾಗದ ಮಾತು, ಆದರೂ ಹೇಳಲೇಬೇಕು.

ಈಗ ಗ್ಯಾಸ್ ಕಡೆ

ನೀರಿನ ಕಡೆ ಎಲ್ಲ ಸರಿ, ಕಂಪ್ರೆಸರ್ ಪೂರ್ತಿ ವೇಗದಲ್ಲಿದೆ, ಬಿಸಿ ಬರುತ್ತಿಲ್ಲ. ಆಗ ಗ್ಯಾಸ್ ನೋಡಿ.

ಹೊಸ ಕೆಲಸವಾದರೆ ಮೊದಲು ಹೊರಗಿನ ಪೆಟ್ಟಿಗೆಗೆ ತಾಮ್ರದ ಪೈಪು ಸೇರುವಲ್ಲಿನ ಸರ್ವಿಸ್ ವಾಲ್ವ್‌ಗಳ ಪಿತ್ತಾಳೆ ಕ್ಯಾಪ್ ತೆಗೆದು ಅಲನ್ ಕೀ ಹಾಕಿ ನೋಡಿ. ಎರಡೂ ಕೊನೆಯವರೆಗೆ ತೆರೆದಿರಬೇಕು. ಲಿಕ್ವಿಡ್ ವಾಲ್ವ್ ಅರ್ಧ ಮುಚ್ಚಿದ್ದರೆ ಅದೇ ಒಂದು ಎಕ್ಸ್‌ಪಾನ್ಷನ್ ವಾಲ್ವ್ ಆಗಿಬಿಡುತ್ತದೆ. ಹೀಟಿಂಗ್ ನಡೆಯುವಾಗ ಆ ವಾಲ್ವಿನ ಮೈಮೇಲೇ ಬೆವರು ಅಥವಾ ಮಂಜು ಕೂರುತ್ತದೆ. ಮುಟ್ಟಿದರೆ ಗೊತ್ತಾಗುತ್ತದೆ. ದಪ್ಪ ಪೈಪನ್ನು ಮಾತ್ರ ಬರಿಗೈಯಿಂದ ಮುಟ್ಟಬೇಡಿ, ಹೀಟಿಂಗ್‌ನಲ್ಲಿ ಅದು ಸುಡುವಷ್ಟು ಬಿಸಿ.

ಸೋರಿಕೆ ಇದ್ದರೆ ಬಹಳ ಸಲ ಫ್ಲೇರ್ ಜಾಯಿಂಟ್‌ನಲ್ಲೇ ಇರುತ್ತದೆ. ನಟ್ ಸುತ್ತ ಎಣ್ಣೆ ಜಿಡ್ಡು, ಅದರ ಮೇಲೆ ಧೂಳು ಕೂತಿದೆಯಾ ನೋಡಿ. ನೈಟ್ರೋಜನ್ ತುಂಬಿ ಸೋಪು ನೀರು ಹಚ್ಚಿ. ದೊಡ್ಡ ಗುಳ್ಳೆ ಬೇಗ ಕಾಣುತ್ತದೆ, ಸಣ್ಣ ಸೋರಿಕೆಗೆ ಬಿಳಿ ನೊರೆ ನಿಧಾನವಾಗಿ ಕಟ್ಟುತ್ತದೆ, ಕಾಯಬೇಕು. ಜಾಯಿಂಟ್ ಬಿಚ್ಚಿದ ಮೇಲೆ ಫ್ಲೇರಿನ ಮುಖವನ್ನು ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ಕೂದಲೆಳೆಯ ಸೀಳು, ಒಂದು ಕಡೆ ಅಗಲ ಒಂದು ಕಡೆ ಕಿರಿದು, ಒಳಗೆ ವೃತ್ತಾಕಾರದ ಗೀರು, ಯಾವುದು ಕಂಡರೂ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿ. ಇನ್ನೂ ಬಿಗಿ ಮಾಡಿದರೆ ನಿಲ್ಲುತ್ತದೆ ಎಂಬ ನಂಬಿಕೆಯಿಂದ ಎಷ್ಟೋ ನಟ್‌ಗಳು ಸೀಳಿವೆ. ಪೈಪಿನ ಒಳಅಂಚು ಕೆರೆಯುವಾಗ ಬಾಯಿ ಕೆಳಗೆ ಮಾಡಿ ಹಿಡಿಯಿರಿ, ತಾಮ್ರದ ಪುಡಿ ಒಳಗೆ ಬೀಳಬಾರದು. ಬಿಗಿ ಮಾಡುವಾಗ ಎರಡು ಸ್ಪಾನರ್ ಬೇಕು, ಅದರಲ್ಲಿ ಒಂದು ಟಾರ್ಕ್ ರೆಂಚ್. ಕಾಲು ಇಂಚಿಗೆ ಸುಮಾರು 14ರಿಂದ 18 ನ್ಯೂಟನ್ ಮೀಟರ್, 3/8 ಇಂಚಿಗೆ 33ರಿಂದ 42, ಅರ್ಧ ಇಂಚಿಗೆ 50ರಿಂದ 60, 5/8 ಇಂಚಿಗೆ 62ರಿಂದ 75. ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ವ್ಯಾಕ್ಯೂಮ್ ವಿಷಯದಲ್ಲಿ ಗಡಿಯಾರ ನೋಡಿ ಪಂಪ್ ನಿಲ್ಲಿಸುವ ಅಭ್ಯಾಸ ಬಿಡಬೇಕು. ಮೈಕ್ರಾನ್ ಗೇಜ್ (ಒಳಗೆ ಉಳಿದ ಅತಿ ಸಣ್ಣ ಒತ್ತಡವನ್ನೂ ಅಳೆಯುವುದು) ಹಾಕಿ 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ, ವಾಲ್ವ್ ಮುಚ್ಚಿ, ಸುಮ್ನೆ ನೋಡುತ್ತಾ ಕೂರಿ. ಅಂಕಿ ಸ್ವಲ್ಪ ಏರಿ ಒಂದು ಕಡೆ ನಿಂತರೆ ಒಳಗೆ ತೇವ ಇದೆ, ಇನ್ನಷ್ಟು ಎಳೆಯಬೇಕು. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ. ಏರದೆ ಕೂತರೆ ಮಾತ್ರ ಗ್ಯಾಸ್ ಬಿಡಿ.

ಹೈ ಪ್ರೆಶರ್ ಕೋಡ್ ಬಂದರೆ ನೀರಿನ ಹರಿವೇ ಮೊದಲ ಆರೋಪಿ. ಪ್ಲೇಟ್‌ನಿಂದ ಬಿಸಿ ಹೊರಗೆ ಹೋಗದಿದ್ದರೆ ಒತ್ತಡ ಏರಲೇಬೇಕು. ಆರ್-32ರಲ್ಲಿ ಕಂಡೆನ್ಸಿಂಗ್ (ಗ್ಯಾಸ್ ದ್ರವವಾಗುವ) ಉಷ್ಣತೆ 50 ಡಿಗ್ರಿ ಇರುವಾಗ ಒತ್ತಡ ಸುಮಾರು 30 ಬಾರ್. 40 ಬಾರ್ ಆಸುಪಾಸಿನಲ್ಲಿ ಸ್ವಿಚ್ ಕಡಿದುಹಾಕುತ್ತದೆ. ಹರಿವು ಸರಿಯಿದ್ದೂ ಬಂದರೆ ಪ್ಲೇಟ್ ಒಳಗೆ ಸುಣ್ಣ ಕಟ್ಟಿರಬಹುದು, ಗ್ಯಾಸ್ ಜಾಸ್ತಿ ಆಗಿರಬಹುದು, ಇಲ್ಲವೇ ಗಾಳಿ ಸೇರಿರಬಹುದು. ಗಾಳಿ ಸೇರಿದೆಯಾ ಎಂದು ತಿಳಿಯಲು ಒಳಗೂ ಹೊರಗೂ ಉಷ್ಣತೆ ಹೆಚ್ಚುಕಡಿಮೆ ಒಂದೇ ಇರುವ ಹೊತ್ತಿನಲ್ಲಿ ಯಂತ್ರವನ್ನು ಕೆಲವು ಗಂಟೆ ನಿಲ್ಲಿಸಿ. ಆಗಿನ ಒತ್ತಡ ಆ ಉಷ್ಣತೆಗೆ ಕೋಷ್ಟಕ ಹೇಳುವಷ್ಟೇ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಒಳಗೆ ಗಾಳಿ ಇದೆ.

ಗ್ಯಾಸ್ ಎಷ್ಟಿದೆ ಎಂದು ಒತ್ತಡ ನೋಡಿ ಊಹಿಸಬೇಡಿ. ಇನ್ವರ್ಟರ್ ಯಂತ್ರದಲ್ಲಿ ಒತ್ತಡ ವೇಗದ ಜೊತೆ ಬದಲಾಗುತ್ತಲೇ ಇರುತ್ತದೆ. ಪೂರ್ತಿ ಹೊರಗೆ ತೆಗೆದು, ತೂಕ ಮಾಡಿ, ನೇಮ್‌ಪ್ಲೇಟ್ ಹೇಳಿದಷ್ಟು ತುಂಬಿ. ಲೇಬಲ್ ಹೇಳಿದ ಉದ್ದಕ್ಕಿಂತ ಪೈಪು ಜಾಸ್ತಿ ಇದ್ದರೆ ಮೀಟರ್‌ಗೆ ಇಷ್ಟು ಗ್ರಾಂ ಎಂದು ಸೇರಿಸಬೇಕು. ಪೈಪಿಗೆ ಕನಿಷ್ಠ ಉದ್ದ ಎಂಬುದೂ ಇದೆ, ಅದನ್ನು ಮರೆತು ಎರಡು ಯೂನಿಟ್‌ಗಳನ್ನು ಬೆನ್ನಿಗೆ ಬೆನ್ನು ಕೂರಿಸಿದ ಕಡೆ ಸದ್ದಿನ ದೂರು ಬರುತ್ತದೆ.

ವೈರು ಮತ್ತು ಸೆನ್ಸರ್

ಎರಡು ಯೂನಿಟ್‌ಗಳ ನಡುವೆ ಮಾತು ನಿಂತಿದೆ ಎಂಬ ಕೋಡ್ ಬಂದರೆ ಬೋರ್ಡ್ ಆರ್ಡರ್ ಮಾಡುವ ಮೊದಲು ಟರ್ಮಿನಲ್ ನೋಡಿ. ಒಂದೊಂದು ವೈರನ್ನೂ ಮೆಲ್ಲಗೆ ಎಳೆಯಿರಿ. ಇನ್ಸುಲೇಷನ್ ಮೇಲೇ ಸ್ಕ್ರೂ ಬಿಗಿದಿರುವುದು, ಇಂಡೋರ್‌ನಲ್ಲಿ ಒಂದು ನಂಬರಿಗೆ ಹೋದ ವೈರು ಔಟ್‌ಡೋರ್‌ನಲ್ಲಿ ಇನ್ನೊಂದಕ್ಕೆ ಹೋಗಿರುವುದು, ಗೋಡೆಯೊಳಗೆ ಟೇಪ್ ಸುತ್ತಿದ ಜಾಯಿಂಟ್, ಇವೇ ಜಾಸ್ತಿ. ಸಿಗ್ನಲ್ ವೈರು ಪವರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ದೂರ ಹೋಗಿದ್ದರೆ, ಕೈಪಿಡಿ ಹಾಗೆ ಬಿಡುತ್ತದೆಯಾ ಎಂದು ನೋಡಿ. ವೋಲ್ಟೇಜನ್ನು ಯಂತ್ರ ನಿಂತಿರುವಾಗ ಅಳೆದು ಸಮಾಧಾನಪಡಬೇಡಿ. ಕಂಪ್ರೆಸರ್ ಪೂರ್ತಿ ಓಡುವಾಗ ಔಟ್‌ಡೋರ್ ಟರ್ಮಿನಲ್‌ನಲ್ಲೇ ಅಳೆಯಿರಿ. ಕೇಬಲ್ ತೆಳ್ಳಗಿದ್ದರೆ ಆಗ ಬಯಲಾಗುತ್ತದೆ.

ಸೆನ್ಸರ್‌ಗಳಿಗೆ ಒಂದು ಸುಲಭ ಪರೀಕ್ಷೆ ಇದೆ. ರಾತ್ರಿಯಿಡೀ ನಿಂತಿದ್ದ ಯಂತ್ರದ ಅಂಕಿಗಳನ್ನು ಬೆಳಿಗ್ಗೆ ಚಾಲೂ ಮಾಡುವ ಮೊದಲು ಓದಿ. ಇಂಡೋರ್ ಒಳಗಿನ ಸೆನ್ಸರ್‌ಗಳೆಲ್ಲ ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ, ಒಂದಕ್ಕೊಂದು ಹತ್ತಿರ ಇರಬೇಕು. ಒಂದು ಮಾತ್ರ 6, 7 ಡಿಗ್ರಿ ದೂರ ಇದ್ದರೆ ಕಳ್ಳ ಸಿಕ್ಕಿದ. ಪ್ಲಗ್ ಕಿತ್ತು ಓಮ್ ಅಳೆದು ತಯಾರಕರ ಕೋಷ್ಟಕಕ್ಕೆ ಹೋಲಿಸಿ. ಉಷ್ಣತೆ ಏರಿದಂತೆ ಇವುಗಳ ಓಮ್ ಇಳಿಯುತ್ತದೆ. ಅಂಕಿ ಸರಿ ಬಂದರೆ ಸೆನ್ಸರ್ ತನ್ನ ಗೂಡಿನಿಂದ ಹೊರಗೆ ಜಾರಿದೆಯಾ ಎಂದು ನೋಡಿ. ಹೊರಗಿನ ಉಷ್ಣತೆಯ ಸೆನ್ಸರನ್ನು ಬಿಸಿಲು ಬೀಳುವ ಗೋಡೆಗೆ ಹಾಕಿದ್ದರೆ ಯಂತ್ರ ಬೇಸಿಗೆ ಬಂತೆಂದು ನೀರಿನ ಬಿಸಿ ಇಳಿಸುತ್ತದೆ, ಮನೆಯವರು ಚಳಿಯಲ್ಲಿ ಕೂರುತ್ತಾರೆ.

ಟ್ಯಾಂಕ್ ನೀರು ಬಿಸಿಯಾಗದಿದ್ದರೆ

ಟ್ಯಾಂಕ್ ಬಿಸಿ ಮಾಡುವ ಮೋಡ್‌ಗೆ ಹಾಕಿ, ರೇಡಿಯೇಟರ್ ಕಡೆ ಹೋಗುವ ಪೈಪಿನ ಮೇಲೆ ಕೈ ಇಡಿ. ಅದು ನಿಧಾನವಾಗಿ ತಣ್ಣಗಾಗಬೇಕು. ಬಿಸಿಯಾಗುತ್ತಲೇ ಇದ್ದರೆ ತ್ರೀ-ವೇ ವಾಲ್ವ್ ತಿರುಗಿಲ್ಲ. ಮೋಟಾರ್ ತಲೆ ಕಳಚಿ ಕಡ್ಡಿಯನ್ನು ಕೈಯಿಂದ ತಿರುಗಿಸಿ. ಸಲೀಸಾಗಿ ತಿರುಗಿದರೆ ಮೋಟಾರ್ ಅಥವಾ ಅದರ ವೈರು, ತಿರುಗದಿದ್ದರೆ ವಾಲ್ವ್ ಒಳಗೆ ಕೆಸರು.

ವಾಲ್ವ್ ಸರಿಯಿದ್ದು, ಹೊರಡುವ ನೀರು ಬೇಗ 55 ಡಿಗ್ರಿಗೆ ಏರಿ ಯಂತ್ರ ನಿಲ್ಲುತ್ತಿದೆ, ಟ್ಯಾಂಕ್ ಮಾತ್ರ 40ರಲ್ಲೇ ಇದೆ ಎಂದರೆ ಟ್ಯಾಂಕಿನೊಳಗಿನ ಕಾಯಿಲ್ ಸಣ್ಣದು. ಬಾಯ್ಲರ್ ಕಾಲದ ಟ್ಯಾಂಕನ್ನೇ ಉಳಿಸಿಕೊಂಡ ಮನೆಗಳಲ್ಲಿ ಇದು ಸಿಗುತ್ತದೆ. ಹೀಟ್ ಪಂಪಿಗೆಂದು ಮಾಡಿದ ಟ್ಯಾಂಕಿನ ಕಾಯಿಲ್ 3 ಚದರ ಮೀಟರ್ ಆಸುಪಾಸು ಇರುತ್ತದೆ, ಹಳೆಯದರಲ್ಲಿ ಅದರ ಮೂರನೇ ಒಂದು ಭಾಗವೂ ಇರಲಿಕ್ಕಿಲ್ಲ. ಸೆಟ್ಟಿಂಗ್ ತಿರುಗಿಸಿ ಇದನ್ನು ಸರಿ ಮಾಡಲು ಆಗುವುದಿಲ್ಲ. ಟ್ಯಾಂಕ್ ಬದಲಾಯಿಸಬೇಕು ಎಂದು ನೇರವಾಗಿ ಹೇಳಿಬಿಡಿ.

ಎಲ್ಲ ಸರಿ, ಕರೆಂಟ್ ಬಿಲ್ ಮಾತ್ರ ಜಾಸ್ತಿ

ಕೋಡ್ ಇಲ್ಲದ ದೂರು ಇದು, ಆದರೂ ದೋಷವೇ. ಸರ್ವಿಸ್ ಮೆನುವಿನಲ್ಲಿ ಬ್ಯಾಕಪ್ ಹೀಟರ್ ಎಷ್ಟು ಗಂಟೆ ಓಡಿದೆ ನೋಡಿ. ಕಂಪ್ರೆಸರ್ ಗಂಟೆಗಳ ಪಕ್ಕ ಇಟ್ಟರೆ ಕಥೆ ಗೊತ್ತಾಗುತ್ತದೆ. ಹೀಟರ್ ತೆಗೆದುಕೊಂಡ ಒಂದು ಯೂನಿಟ್ ಕರೆಂಟ್ ಒಂದೇ ಯೂನಿಟ್ ಬಿಸಿ ಕೊಡುತ್ತದೆ. ಅದೇ ಕಂಪ್ರೆಸರ್‌ನಿಂದ ಸಾಮಾನ್ಯ ಹವೆಯಲ್ಲಿ 3, 4 ಯೂನಿಟ್ ಸಿಗುತ್ತದೆ.

ಮುಂದೆ ವೆದರ್ ಕರ್ವ್, ಅಂದರೆ ಹೊರಗಿನ ಚಳಿಗೆ ತಕ್ಕಂತೆ ನೀರಿನ ಬಿಸಿ ಏರಿಸಿ ಇಳಿಸುವ ಸೆಟ್ಟಿಂಗ್. ನೆಲದ ಲೂಪ್‌ಗಳಿಗೆ 35 ಡಿಗ್ರಿ ಸಾಕಾಗುವ ಮನೆಗೆ 50 ಕಳಿಸುತ್ತಿರಬಹುದು. ಹೊರಡುವ ನೀರನ್ನು 1 ಡಿಗ್ರಿ ಇಳಿಸಿದರೆ ಕರೆಂಟ್ ಸುಮಾರು ಶೇಕಡ 2ರಿಂದ 3ರಷ್ಟು ಉಳಿಯುತ್ತದೆ. ದಿನಕ್ಕೆ 1, 2 ಡಿಗ್ರಿಯಂತೆ ಇಳಿಸಿ, ಕೋಣೆ ತಣ್ಣಗಾಯಿತು ಎಂದು ಮನೆಯವರು ಹೇಳಿದಾಗ ಒಂದು ಹೆಜ್ಜೆ ಮೇಲೆ ಹೋಗಿ ನಿಲ್ಲಿಸಿ. ಯಂತ್ರ ಗಂಟೆಗೆ ನಾಲ್ಕೈದು ಸಲ ಆನ್-ಆಫ್ ಆಗುತ್ತಿದ್ದರೆ ಅಲ್ಲೂ ಹಣ ಸೋರುತ್ತದೆ, ಕಂಪ್ರೆಸರ್ ಆಯಸ್ಸೂ ಸೋರುತ್ತದೆ. ಯಂತ್ರ ಮನೆಗೆ ದೊಡ್ಡದಾಗಿದೆ ಅಥವಾ ಸುತ್ತುವ ನೀರು ಸಾಲದು. ಮುಚ್ಚಿಟ್ಟ ಲೂಪ್‌ಗಳನ್ನು ತೆರೆದು, ಕೋಣೆಗೊಂದು ಥರ್ಮೋಸ್ಟಾಟ್ ಆಟ ನಿಲ್ಲಿಸಿ ಒಂದು ವಾರ ನೋಡಿ. ಅಷ್ಟರಲ್ಲಿ ತಗ್ಗದಿದ್ದರೆ ಬಫರ್ ಟ್ಯಾಂಕ್ ಲೆಕ್ಕ ಹಾಕಿ.

ಹೊರಡುವ ಮೊದಲು ನಿಮಿಷಕ್ಕೆ ಎಷ್ಟು ಲೀಟರ್, ಹೊರಡುವ ನೀರು, ಮರಳುವ ನೀರು, ಕಂಪ್ರೆಸರ್ ಹರ್ಟ್ಜ್, ತಣ್ಣನೆ ನೀರಿನ ಬಾರ್, ಹೊರಗಿನ ಉಷ್ಣತೆ, ತಾರೀಖು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಇಂಡೋರ್ ಮುಚ್ಚಳದ ಒಳಬದಿಗೆ ಅಂಟಿಸಿ. ಗ್ಯಾಸ್ ತೂಗಿ ಹಾಕಿದ್ದರೆ ಎಷ್ಟು ಗ್ರಾಂ ಎಂದೂ ಬರೆಯಿರಿ. ಮುಂದಿನ ಸಲ ಬರುವವರು ಹೋಲಿಸಿ ನೋಡಲು ಅವರಿಗೆ ಸಿಗುವುದು ಅದೊಂದೇ.